ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ: ಯಾವ ತೊಂದರೆಗೆ ಯಾವ ದಾರಿ?

ಕ್ಯಾಥೆಟರ್ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಪ್ರಾಸ್ಟೇಟ್ ತೆಗೆಯುವ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ಟ್ಯೂಬ್ ಹೋಯಿತಲ್ಲ ಅಂತ ಖುಷಿಯಲ್ಲಿ ಎದ್ದು ನಿಂತೆ. ನಿಂತಿದ್ದೇ ತಡ, ಬೆಚ್ಚಗೆ ಏನೋ ತೊಡೆಯ ಮೇಲಿಂದ ಇಳಿದು ಕಾಲುಚೀಲದವರೆಗೂ ಬಂತು. ತಡೆಯೋಣ ಅಂದರೆ ಎಲ್ಲಿ ಬಿಗಿ ಹಿಡಿಯಬೇಕು ಅಂತಲೇ ತಿಳಿಯಲಿಲ್ಲ. ನರ್ಸ್ ಒಂದು ಪ್ಯಾಡ್ ಕೈಗೆ ಕೊಟ್ಟು, "ಎಲ್ಲರಿಗೂ ಹೀಗೇ ಆಗುತ್ತೆ ಸರ್, ಗಾಬರಿ ಬೇಡ" ಅಂದರು. ಗಾಬರಿ ಆ ದಿನವೇನೂ ಹೋಗಲಿಲ್ಲ. ಆದರೆ 'ಎಲ್ಲರಿಗೂ' ಅನ್ನುವ ಮಾತು ಮನಸ್ಸಿನಲ್ಲಿ ಉಳಿಯಿತು.

ಈಗ ನಾಲ್ಕು ವರ್ಷವಾಗಿದೆ. ಕ್ಯಾನ್ಸರ್ ಮತ್ತೆ ತಲೆ ಎತ್ತಿಲ್ಲ. ನಡುವೆ ನಾನು ಕಲಿತದ್ದು ಇಷ್ಟು: ಚಿಕಿತ್ಸೆ ಆರಿಸುವಾಗ ನಮಗೆ ಹತ್ತಾರು ಜನ ಸಲಹೆ ಕೊಡುತ್ತಾರೆ, ಅದು ಮುಗಿದ ಮೇಲೆ ಹೇಗೆ ಬದುಕಬೇಕು ಅಂತ ಹೇಳುವವರು ಕಡಿಮೆ. ಸೋರಿಕೆಗೆ, ಶಿಶ್ನ ನಿಮಿರದಿರುವುದಕ್ಕೆ, ಮೈ ಬಿಸಿಯೇರುವುದಕ್ಕೆ, ಎಲ್ಲದಕ್ಕೂ ದಾರಿಗಳಿವೆ. ಒಂದಲ್ಲ, ಮೂರು ನಾಲ್ಕು. ಯಾವುದನ್ನು ಹಿಡಿಯಬೇಕು ಅನ್ನುವುದೇ ಕಷ್ಟ. ನಾನು ಬಳಸುವ ಅಳತೆ ಎರಡೇ. ಬೇಡವೆನಿಸಿದರೆ ಬಿಟ್ಟುಬಿಡಬಹುದಾದದ್ದನ್ನು ಮೊದಲು ನೋಡಬೇಕು, ಒಮ್ಮೆ ಮಾಡಿದರೆ ವಾಪಸ್ ಬರಲಾಗದ್ದನ್ನು ಆಮೇಲೆ. ಎರಡನೆಯದು, ಚಿಕಿತ್ಸೆಯಾಗಿ ಎಷ್ಟು ತಿಂಗಳಾಯಿತು ಅನ್ನುವ ಲೆಕ್ಕ.

ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಆಪರೇಷನ್ ಮಾಡಿಸಿಕೊಂಡವರಿಗೆ ಮೊದಲ ದಿನವೇ ಎಲ್ಲ ಕೆಟ್ಟಿರುತ್ತದೆ, ಆಮೇಲೆ ನಿಧಾನಕ್ಕೆ ಸುಧಾರಿಸುತ್ತದೆ. ರೇಡಿಯೇಷನ್ ತಗೊಂಡವರದ್ದು ಹೆಚ್ಚು ಕಡಿಮೆ ಇದರ ಉಲ್ಟಾ. ಚಿಕಿತ್ಸೆಯ ವಾರಗಳಲ್ಲಿ ಉರಿ, ಅವಸರ ಇರುತ್ತದೆ, ಅದು ಇಳಿಯುತ್ತದೆ, ಎಲ್ಲ ಸರಿಯಾಯಿತು ಅನಿಸುತ್ತದೆ. ವರ್ಷಗಳು ಕಳೆದ ಮೇಲೆ ಮೆಲ್ಲಗೆ ಬೇರೆ ತೊಂದರೆ ಶುರುವಾಗಬಹುದು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನಗೆ ಒಬ್ಬ ಸ್ನೇಹಿತರು ಸಿಕ್ಕಿದ್ದರು. ಅವರದ್ದು ರೇಡಿಯೇಷನ್, ಜೊತೆಗೆ ಹದಿನೆಂಟು ತಿಂಗಳ ಹಾರ್ಮೋನ್ ಇಂಜೆಕ್ಷನ್. ನಾನು ದಿನಕ್ಕೆ ಐದು ಪ್ಯಾಡ್ ಬದಲಿಸುತ್ತಿದ್ದಾಗ ಅವರಿಗೆ ಒಂದು ಹನಿ ಸೋರಿಕೆ ಇರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಪ್ಯಾಡ್ ಬಿಟ್ಟಿದ್ದೆ. ಅವರು ಹೊಸ ಪ್ರಶ್ನೆಗಳೊಂದಿಗೆ ಫೋನ್ ಮಾಡತೊಡಗಿದ್ದರು. ಹಾಗಾಗಿ ಇನ್ನೊಬ್ಬರ ಅನುಭವ ಕೇಳುವಾಗ, ಅವರದ್ದು ಯಾವ ಚಿಕಿತ್ಸೆ, ಎಷ್ಟನೇ ತಿಂಗಳು ಅಂತ ಮೊದಲು ಕೇಳಿ.

ಸೋರಿಕೆ: ವ್ಯಾಯಾಮ, ಪ್ಯಾಡ್, ಆಪರೇಷನ್

ಮೊದಲು ನಿಮ್ಮ ಸೋರಿಕೆ ಯಾವ ಬಗೆಯದು ಅಂತ ಗುರುತಿಸಿಕೊಳ್ಳಿ. ಕೆಮ್ಮಿದಾಗ, ಸೀನಿದಾಗ, ಕುರ್ಚಿಯಿಂದ ಎದ್ದಾಗ ಸೋರುವುದು ಒಂದು ಬಗೆ. ಪ್ರಾಸ್ಟೇಟ್ ತೆಗೆದ ಮೇಲೆ ಸಾಮಾನ್ಯವಾಗಿ ಆಗುವುದು ಇದು, ಮೂತ್ರ ತಡೆಯುವ ಸ್ನಾಯು ಬಲ ಕಳೆದುಕೊಂಡಿರುತ್ತದೆ. ಇದ್ದಕ್ಕಿದ್ದಂತೆ ಅವಸರವಾಗಿ, ಬಾತ್‌ರೂಮ್ ಬಾಗಿಲು ತಲುಪುವಷ್ಟರಲ್ಲಿ ಆಗಿಬಿಡುವುದು ಇನ್ನೊಂದು ಬಗೆ. ಅದು ಮೂತ್ರಕೋಶವೇ ಹಟ ಹಿಡಿದು ಹಿಂಡುವುದರಿಂದ ಬರುತ್ತದೆ, ರೇಡಿಯೇಷನ್ ಆದವರಲ್ಲಿ ಜಾಸ್ತಿ. ಎರಡನೆಯದಕ್ಕೆ ಮೂತ್ರಕೋಶವನ್ನು ಶಾಂತ ಮಾಡುವ ಮಾತ್ರೆಗಳಿವೆ. ಕೆಳಗೆ ಹೇಳುವ ಆಪರೇಷನ್‌ಗಳು ಮೊದಲ ಬಗೆಗೆ ಮಾತ್ರ. ಈ ವ್ಯತ್ಯಾಸ ತಿಳಿಯದೆ ಆಪರೇಷನ್‌ಗೆ ಹೋದರೆ ನಿರಾಸೆಯಾಗುವುದು ಖಂಡಿತ.

ಎಲ್ಲಕ್ಕಿಂತ ಮೊದಲು ವ್ಯಾಯಾಮ. ಕೀಗಲ್ ವ್ಯಾಯಾಮ ಅಂತ ಕೇಳಿರುತ್ತೀರಿ. ಆರ್ನಾಲ್ಡ್ ಕೀಗಲ್ ಅನ್ನುವ ಅಮೆರಿಕದ ಸ್ತ್ರೀರೋಗ ವೈದ್ಯರು 1948ರಲ್ಲಿ ಬಾಣಂತಿಯರಿಗಾಗಿ ಬರೆದದ್ದು, ಈಗ ನಮ್ಮ ಕೈ ಹಿಡಿದಿದೆ. ಇದಕ್ಕೆ ಅಡ್ಡಪರಿಣಾಮ ಇಲ್ಲ ಅನ್ನಬಹುದು. ತಪ್ಪಾಗಿ ಮಾಡಿದರೆ ಮಾತ್ರ ಪ್ರಯೋಜನವೂ ಇಲ್ಲ. ನಾನು ಆರು ವಾರ ತಪ್ಪಾಗಿಯೇ ಮಾಡಿದೆ. ಕುಂಡಿ ಬಿಗಿಹಿಡಿದು, ಉಸಿರು ಕಟ್ಟಿ, ಮುಖ ಕೆಂಪಾಗುವವರೆಗೂ ಹಿಂಡುತ್ತಿದ್ದೆ. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಕನ್ನಡಿ ಮುಂದೆ ನಿಲ್ಲಿಸಿ ಹೇಳಿಕೊಟ್ಟರು. ಗಾಳಿ ಹೋಗದಂತೆ ತಡೆಯುವ ಹಾಗೆ, ಜೊತೆಗೆ ಶಿಶ್ನವನ್ನು ಒಳಕ್ಕೆ ಎಳೆದುಕೊಳ್ಳುವ ಹಾಗೆ ಬಿಗಿ ಮಾಡಬೇಕು. ಸರಿಯಾಗಿ ಮಾಡಿದರೆ ಕನ್ನಡಿಯಲ್ಲಿ ಶಿಶ್ನದ ಬುಡ ಸ್ವಲ್ಪ ಒಳಕ್ಕೆ ಸರಿಯುತ್ತದೆ, ಬೀಜಗಳು ಕೊಂಚ ಮೇಲೇಳುತ್ತವೆ. ಕುಂಡಿ, ತೊಡೆ, ಹೊಟ್ಟೆ ಎಲ್ಲ ಸಡಿಲ. ಉಸಿರಾಟ ಮಾಮೂಲಿ. ಅಷ್ಟೇ.

ದೀರ್ಘವಾಗಿ ಹಿಡಿಯುವುದು ಹತ್ತು, ಪಟಪಟನೆ ಹಿಡಿದು ಬಿಡುವುದು ಹತ್ತು, ದಿನಕ್ಕೆ ಮೂರು ಸಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಏಳುವ ಮುಂಚೆ, ಕೆಮ್ಮುವ ಮುಂಚೆ, ಭಾರ ಎತ್ತುವ ಮುಂಚೆ ಬಿಗಿ ಮಾಡುವ ಅಭ್ಯಾಸ. ಅದು ರೂಢಿಯಾದ ಮೇಲೆ ನನ್ನ ಪ್ಯಾಡ್ ಲೆಕ್ಕ ಇಳಿಯಿತು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಮಾತ್ರ ಬೇಡ. ಇನ್ನೂ ಆಪರೇಷನ್ ಆಗದವರು ಯಾರಾದರೂ ಇದನ್ನು ಓದುತ್ತಿದ್ದರೆ, ಈಗಲೇ ಕಲಿತುಕೊಳ್ಳಿ. ಮೊದಲೇ ಸ್ನಾಯು ಗುರುತಿಸಿ ಇಟ್ಟುಕೊಂಡವರಿಗೆ ಆಮೇಲೆ ಸುಲಭ.

ಸುಧಾರಿಸುತ್ತಿದೆಯೋ ಇಲ್ಲವೋ ಅಂತ ಮನಸ್ಸಿಗೆ ಬಂದಂತೆ ಅಂದಾಜು ಮಾಡಬೇಡಿ, ತೂಕ ಹಾಕಿ. ನಾನು ಒಂದು ಚಿಕ್ಕ ತಕ್ಕಡಿ ಬಾತ್‌ರೂಮಿನಲ್ಲೇ ಇಟ್ಟುಕೊಂಡಿದ್ದೆ. ಒದ್ದೆ ಪ್ಯಾಡಿನ ತೂಕದಲ್ಲಿ ಒಣ ಪ್ಯಾಡಿನ ತೂಕ ಕಳೆದರೆ ಸೋರಿದ್ದೆಷ್ಟು ಅಂತ ಸಿಗುತ್ತದೆ. ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿಲೀಟರ್. ಮೊದಲ ವಾರ ಇಡೀ ದಿನಕ್ಕೆ 410 ಗ್ರಾಂ. ಮೂರನೇ ತಿಂಗಳು 95. ಏಳನೇ ತಿಂಗಳು 8. ನಡುವೆ ಎಷ್ಟೋ ದಿನ 'ಏನೂ ಆಗ್ತಿಲ್ಲ' ಅಂತ ಅತ್ತಿದ್ದೇನೆ. ಪುಸ್ತಕ ತೆರೆದು ನೋಡಿದಾಗ ಅಂಕಿ ಬೇರೆಯೇ ಹೇಳುತ್ತಿತ್ತು. ಡಾಕ್ಟರಿಗೂ 'ಜಾಸ್ತಿ ಸೋರುತ್ತೆ' ಅನ್ನುವುದಕ್ಕಿಂತ ಮೂರು ದಿನದ ತೂಕ ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಅಲ್ಲಿಯವರೆಗೆ ದಿನ ದೂಡಲು ಏನು ಬಳಸುವುದು? ಕಡಿಮೆ ಸೋರಿಕೆಗೆ ಗಂಡಸರಿಗಾಗಿಯೇ ಮಾಡಿದ, ಮುಂಭಾಗಕ್ಕೆ ಬಟ್ಟಲಿನಂತೆ ಕೂರುವ ಪ್ಯಾಡ್ ಸಾಕು. ಡೈಪರ್ ಮೊದಲ ಕೆಲವು ವಾರಕ್ಕೆ, ರಾತ್ರಿಗೆ ಸರಿ. ಆಮೇಲೂ ಅದನ್ನೇ ಹಾಕಿಕೊಂಡರೆ ಬೆವರು, ಚರ್ಮದ ಉರಿ ಜಾಸ್ತಿ. ದೂರ ಪ್ರಯಾಣಕ್ಕೆ ಕಾಂಡೋಮ್ ಕ್ಯಾಥೆಟರ್ ಒಳ್ಳೆಯದು. ಕಾಂಡೋಮಿನಂತೆ ಹೊರಗೆ ಹಾಕಿಕೊಂಡು ಕಾಲಿಗೆ ಕಟ್ಟಿದ ಚೀಲಕ್ಕೆ ಟ್ಯೂಬ್ ಜೋಡಿಸುವುದು, ಒಳಗೆ ಏನೂ ತೂರಿಸುವುದಿಲ್ಲ. ಅಳತೆ ಸರಿಯಿರಬೇಕು, ಇಲ್ಲದಿದ್ದರೆ ಜಾರುತ್ತದೆ ಅಥವಾ ಚರ್ಮ ಕೊರೆಯುತ್ತದೆ. ಶಿಶ್ನಕ್ಕೆ ಹಾಕುವ ಕ್ಲಾಂಪ್ ಒಂದೆರಡು ಗಂಟೆಯ ಕೆಲಸಕ್ಕೆ, ವಾಕಿಂಗಿಗೆ ಚೆನ್ನಾಗಿಯೇ ತಡೆಯುತ್ತದೆ. ಆದರೆ ಒಂದೆರಡು ಗಂಟೆಗೊಮ್ಮೆ ಬಿಚ್ಚಲೇಬೇಕು, ಮಲಗುವಾಗ ಹಾಕಲೇಬಾರದು. ಸ್ಪರ್ಶ ಜ್ಞಾನ ಕಡಿಮೆ ಇರುವವರಿಗೆ, ಮರೆವು ಇರುವವರಿಗೆ ಅದು ಬೇಡವೇ ಬೇಡ.

ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ನಾನೂ ಮಾಡಿ ನೋಡಿದ್ದೇನೆ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶ ಕೆರಳುತ್ತದೆ. ಕಾಫಿ, ಟೀ, ಮದ್ಯ ಕಡಿಮೆ ಮಾಡಿದರೆ ಸಾಕು.

ಇನ್ನು ಆಪರೇಷನ್. ಆರು ತಿಂಗಳಾದರೂ ಸೋರಿಕೆ ಜೋರಾಗಿಯೇ ಇದ್ದು, ಸುಧಾರಣೆ ಕಾಣದಿದ್ದರೆ ಮಾತು ಶುರು ಮಾಡಬಹುದು. ಒಂದು ವರ್ಷವಾದ ಮೇಲೂ ತೊಂದರೆ ಇದ್ದರೆ ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ. ಎದುರಿಗೆ ಮುಖ್ಯವಾಗಿ ಎರಡು ಆಯ್ಕೆ ಇರುತ್ತವೆ, ಸ್ಲಿಂಗ್ ಮತ್ತು ಕೃತಕ ಸ್ಫಿಂಕ್ಟರ್.

ಸ್ಲಿಂಗ್ ಅಂದರೆ ಮೂತ್ರನಾಳದ ಕೆಳಗೆ ಜೋಲಿಯಂತೆ ಕೂರಿಸುವ ಒಂದು ಪಟ್ಟಿ. ಒತ್ತುವ ಗುಂಡಿ ಇಲ್ಲ, ಪಂಪ್ ಇಲ್ಲ, ಹಾಕಿಸಿಕೊಂಡ ಮೇಲೆ ಮೊದಲಿನಂತೆ ಮೂತ್ರಕ್ಕೆ ಹೋಗುವುದು. ಕಡಿಮೆ ಅಥವಾ ಮಧ್ಯಮ ಸೋರಿಕೆ ಇರುವವರಿಗೆ ಇದು ಹೊಂದುತ್ತದೆ. ಮೊದಲು ರೇಡಿಯೇಷನ್ ಆಗಿದ್ದರೆ ಫಲ ಕಡಿಮೆ. ಕೃತಕ ಸ್ಫಿಂಕ್ಟರ್ 1970ರ ದಶಕದಿಂದ ಬಳಕೆಯಲ್ಲಿರುವ ಸಾಧನ. ಮೂತ್ರನಾಳದ ಸುತ್ತ ನೀರು ತುಂಬಿದ ಒಂದು ಪಟ್ಟಿ, ಹೊಟ್ಟೆಯೊಳಗೆ ಒಂದು ಪುಟ್ಟ ಬಲೂನು, ವೃಷಣ ಚೀಲದಲ್ಲಿ ಒಂದು ಪಂಪ್. ಪಂಪ್ ಒತ್ತಿದರೆ ಪಟ್ಟಿ ಸಡಿಲವಾಗಿ ಮೂತ್ರ ಬರುತ್ತದೆ, ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ. ಹಾಕಿದ ಕೂಡಲೇ ಚಾಲೂ ಮಾಡುವುದಿಲ್ಲ, ಗಾಯ ಮಾಯಲು ಸುಮಾರು ಆರು ವಾರ ಬಿಡುತ್ತಾರೆ. ಸೋರಿಕೆ ಜೋರಾಗಿರುವವರಿಗೆ, ರೇಡಿಯೇಷನ್ ಆದವರಿಗೆ ಹೆಚ್ಚು ಭರವಸೆ ಇಡಬಹುದಾದದ್ದು ಇದೇ. ಆದರೆ ಇದು ಯಂತ್ರ. ವರ್ಷಗಳು ಕಳೆದಂತೆ ಸವೆಯುತ್ತದೆ, ಸೋಂಕು ತಗುಲಬಹುದು, ಮೂತ್ರನಾಳವನ್ನೇ ಕೊರೆಯಬಹುದು. ಹತ್ತು ವರ್ಷದೊಳಗೆ ಇನ್ನೊಂದು ಆಪರೇಷನ್ ಬೇಕಾಗುವವರು ಬಹಳ ಜನ. ಕೈಬೆರಳುಗಳಲ್ಲಿ ಪಂಪ್ ಒತ್ತುವಷ್ಟು ಶಕ್ತಿ, ಹಿಡಿತ ಇರಬೇಕು. ಇನ್ನೊಂದು ಮಾತನ್ನು ದಯವಿಟ್ಟು ಮನೆಯವರಿಗೂ ಹೇಳಿಡಿ: ಸ್ಫಿಂಕ್ಟರ್ ಇರುವವರಿಗೆ ಅದನ್ನು ತೆರೆದು ನಿಲ್ಲಿಸದೆ ಯಾರೂ ಕ್ಯಾಥೆಟರ್ ತೂರಿಸಬಾರದು. ಬೇರೆ ಯಾವುದೋ ಕಾಯಿಲೆಗೆ ಪ್ರಜ್ಞೆ ಇಲ್ಲದೆ ಅಡ್ಮಿಟ್ ಆದಾಗ ಇದನ್ನು ಹೇಳಲು ನಾವು ಎಚ್ಚರವಾಗಿರುವುದಿಲ್ಲ, ಅಲ್ವಾ? ಪರ್ಸಿನಲ್ಲಿ ಕಾರ್ಡ್ ಇರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ರಾತ್ರಿ ಒಣಗಿದ್ದು ಹಗಲು ಒಂದೆರಡು ಪ್ಯಾಡ್ ಬೇಕಾಗುವವರು ಸ್ಲಿಂಗ್ ನೋಡಬಹುದು. ಮಲಗಿದಾಗಲೂ ಸೋರುವವರು 'ಸಣ್ಣ ಆಪರೇಷನ್' ಅಂತ ಸ್ಲಿಂಗಿಗೆ ಒಲಿಯುವುದು ಸರಿಯಲ್ಲ. ಸ್ಲಿಂಗ್ ಕೈಕೊಟ್ಟರೆ ಆಮೇಲೆ ಸ್ಫಿಂಕ್ಟರ್ ಹಾಕಿಸಿಕೊಳ್ಳಬಹುದು ಅನ್ನುವುದು ನಿಜ. ಆದರೆ ಎರಡು ಸಲ ನೋವು ತಿನ್ನಬೇಕು. ನನಗೆ ಉಳಿದದ್ದು ದಿನಕ್ಕೆ ಕೆಲವು ಹನಿ, ಸುಸ್ತಾದ ಸಂಜೆ ಮಾತ್ರ. ಅದಕ್ಕಾಗಿ ನಾನು ಆಪರೇಷನ್ ಟೇಬಲ್ ಹತ್ತಲಿಲ್ಲ.

ನಿಮಿರುವಿಕೆ: ಮಾತ್ರೆ, ಪಂಪ್, ಇಂಜೆಕ್ಷನ್, ಇಂಪ್ಲಾಂಟ್

ಈ ವಿಷಯ ಡಾಕ್ಟರ ಹತ್ತಿರ ಎತ್ತಲು ನನಗೆ ಎಂಟು ತಿಂಗಳು ಬೇಕಾಯಿತು. ಹೆಂಡತಿಯ ಹತ್ತಿರ ಮಾತಾಡಲು ಅದಕ್ಕಿಂತ ಜಾಸ್ತಿ. ನಾನು ದೂರ ಮಲಗುವುದನ್ನು ನೋಡಿ ಅವಳು ತನ್ನ ಮೇಲೆ ಬೇಸರವಾಗಿದೆ ಅಂದುಕೊಂಡಿದ್ದಳು. ಆ ತಿಂಗಳುಗಳನ್ನು ನೀವು ಕಳೆದುಕೊಳ್ಳಬೇಡಿ.

ಕೆಲವು ಸಂಗತಿ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಪ್ರಾಸ್ಟೇಟ್ ತೆಗೆದ ಮೇಲೆ ವೀರ್ಯ ಬರುವುದಿಲ್ಲ, ಆದರೆ ಸುಖದ ತುದಿ ಮುಟ್ಟುವುದು ಹಾಗೇ ಇರುತ್ತದೆ. ನಿಮಿರದಿದ್ದರೂ ಅದು ಸಾಧ್ಯ. ಆ ಹೊತ್ತಿಗೆ ಕೆಲವರಿಗೆ ಸ್ವಲ್ಪ ಮೂತ್ರ ಬರುತ್ತದೆ. ಮೊದಲೇ ಬಾತ್‌ರೂಮಿಗೆ ಹೋಗಿ ಬಂದರೆ ಅದೂ ಕಡಿಮೆ. ನಿಮಿರಿಸುವ ನರಗಳು ಪ್ರಾಸ್ಟೇಟ್‌ನ ಎರಡೂ ಬದಿಗೆ ಅಂಟಿಕೊಂಡಂತೆ ಹೋಗುತ್ತವೆ. ಅವನ್ನು ಉಳಿಸಿ ಆಪರೇಷನ್ ಮಾಡುವ ವಿಧಾನವನ್ನು ಅಮೆರಿಕದ ಸರ್ಜನ್ ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಮೊದಲು ಮಾಡಿ ತೋರಿಸಿದರು. ಉಳಿಸಿದರೂ ನರಕ್ಕೆ ಪೆಟ್ಟು ಬಿದ್ದಿರುತ್ತದೆ, ಚೇತರಿಕೆಗೆ ಎರಡು ವರ್ಷದವರೆಗೂ ಬೇಕಾಗಬಹುದು. ನಿಮ್ಮ ಆಪರೇಷನ್‌ನಲ್ಲಿ ಒಂದು ಬದಿ ಉಳಿಸಿದರೋ, ಎರಡೂ ಬದಿಯೋ, ಯಾವುದೂ ಇಲ್ಲವೋ ಅಂತ ಕೇಳಿ ಬರೆದುಕೊಳ್ಳಿ. ಆಯ್ಕೆ ಅದರ ಮೇಲೆ ನಿಂತಿದೆ.

ಮಾತ್ರೆಗಳು ನರ ಕೆಲಸ ಮಾಡಿದರಷ್ಟೇ ಕೆಲಸ ಮಾಡುತ್ತವೆ. ಎರಡೂ ಬದಿ ನರ ಹೋಗಿದ್ದರೆ ಅವುಗಳಿಂದ ಹೆಚ್ಚು ನಿರೀಕ್ಷೆ ಬೇಡ. ಸಿಲ್ಡೆನಾಫಿಲ್ ಮತ್ತು ಟಡಾಲಾಫಿಲ್ ನಡುವೆ ಆರಿಸುವುದು ಅಂದರೆ ಸಮಯವನ್ನು ಆರಿಸಿದಂತೆ. ಮೊದಲನೆಯದನ್ನು ಸುಮಾರು ಒಂದು ಗಂಟೆ ಮುಂಚೆ, ಹೊಟ್ಟೆ ಹಗುರ ಇದ್ದಾಗ ತಗೊಳ್ಳಬೇಕು, ಕೆಲವು ಗಂಟೆ ಇರುತ್ತದೆ. ಎಣ್ಣೆ ಜಿಡ್ಡಿನ ಊಟದ ಮೇಲೆ ತಗೊಂಡರೆ ನಿಧಾನ. ಎರಡನೆಯದಕ್ಕೆ ಊಟದ ಹಂಗಿಲ್ಲ, 36 ಗಂಟೆಯವರೆಗೂ ಅದರ ಬಲ ಇರುತ್ತದೆ, ಕಡಿಮೆ ಪ್ರಮಾಣದಲ್ಲಿ ದಿನವೂ ತಗೊಳ್ಳುವ ಕ್ರಮವೂ ಇದೆ. ಗಡಿಯಾರ ನೋಡಿ ಪ್ರೀತಿಸುವುದು ನಮಗೆ ಒಗ್ಗಲಿಲ್ಲ, ಹಾಗಾಗಿ ಎರಡನೆಯದನ್ನೇ ಹಿಡಿದೆ. ಯಾವುದೇ ಆಗಲಿ, ಸುಮ್ಮನೆ ನುಂಗಿ ಕೂತರೆ ಏನೂ ಆಗುವುದಿಲ್ಲ, ಪ್ರಚೋದನೆ ಬೇಕೇ ಬೇಕು. ಒಂದೆರಡು ಸಲಕ್ಕೆ ಫಲ ಸಿಗಲಿಲ್ಲ ಅಂತ ಕೈಬಿಡಬೇಡಿ, ಡಾಕ್ಟರ್ ಹೇಳಿದ ಪೂರ್ತಿ ಡೋಸಿನಲ್ಲಿ ಆರೆಂಟು ಸಲ ನೋಡಿ. ಎದೆನೋವಿಗೆ ನೈಟ್ರೇಟ್ ಗುಂಪಿನ ಮಾತ್ರೆ, ನಾಲಿಗೆ ಕೆಳಗೆ ಇಡುವುದೂ ಸೇರಿ, ಬಳಸುವವರು ಇವನ್ನು ಮುಟ್ಟಲೇಬಾರದು. ಬಿಪಿ ಪ್ರಾಣಕ್ಕೆ ಅಪಾಯವಾಗುವಷ್ಟು ಕುಸಿಯಬಹುದು.

ವ್ಯಾಕ್ಯೂಮ್ ಪಂಪ್‌ಗೆ ನರವೂ ಬೇಡ, ಔಷಧವೂ ಬೇಡ. ಕೊಳವೆಯೊಳಗೆ ಗಾಳಿ ಎಳೆದಾಗ ರಕ್ತ ತುಂಬುತ್ತದೆ, ಬುಡಕ್ಕೆ ಉಂಗುರ ಹಾಕಿ ಹಿಡಿದಿಡಬೇಕು. ಉಂಗುರ 30 ನಿಮಿಷಕ್ಕಿಂತ ಹೆಚ್ಚು ಇರಬಾರದು. ಶಿಶ್ನ ತಣ್ಣಗಿರುತ್ತದೆ, ಬುಡದಲ್ಲಿ ಅಲುಗಾಡುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಚರ್ಮ ಕಪ್ಪುಗಟ್ಟಬಹುದು, ಕೇಳಿಯೇ ಬಳಸಬೇಕು. ಇದು ಹಿಡಿಸುವ ದಂಪತಿಗೆ ತುಂಬಾ ಹಿಡಿಸುತ್ತದೆ, ಹಿಡಿಸದವರಿಗೆ ಒಂದು ವಾರದಲ್ಲಿ ಅಟ್ಟ ಸೇರುತ್ತದೆ.

ಇಂಜೆಕ್ಷನ್ ಅಂದಾಗ ನಾನು ಬೆಚ್ಚಿಬಿದ್ದೆ. ಶಿಶ್ನದ ಪಕ್ಕಕ್ಕೆ, ಅದೂ ನಾವೇ ಚುಚ್ಚಿಕೊಳ್ಳುವುದು! ಆದರೆ ಸೂಜಿ ಕೂದಲಿನಷ್ಟು ಸಣ್ಣ, ನೋವು ಸೊಳ್ಳೆ ಕಡಿದಷ್ಟು. ಆಲ್‌ಪ್ರೊಸ್ಟಡಿಲ್ ಅನ್ನುವ ಔಷಧ ನೇರವಾಗಿ ರಕ್ತನಾಳದ ಮೇಲೆ ಕೆಲಸ ಮಾಡುವುದರಿಂದ ನರ ಇಲ್ಲದಿದ್ದರೂ ನಡೆಯುತ್ತದೆ. ಹತ್ತು ನಿಮಿಷದಲ್ಲಿ ಗುಣ ಕಾಣುತ್ತದೆ. ಮೊದಲ ಡೋಸ್ ಡಾಕ್ಟರ ಎದುರಲ್ಲೇ ಆಗಬೇಕು. ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ನೇರ ಎಮರ್ಜೆನ್ಸಿಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು. ನಾನು ಒಂದು ವರ್ಷ ಇದನ್ನೇ ಬಳಸಿದೆ. ಆಮೇಲೆ ನರ ಚೇತರಿಸಿತು, ಈಗ ಮಾತ್ರೆ ಸಾಕಾಗುತ್ತದೆ. ಮಾತ್ರೆ ಸೋತಾಗ ಜನ ನೇರವಾಗಿ 'ಇನ್ನು ಮುಗಿಯಿತು' ಅನ್ನುವ ತೀರ್ಮಾನಕ್ಕೆ ಬರುತ್ತಾರೆ. ನಡುವೆ ಈ ಮೆಟ್ಟಿಲಿದೆ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಶಿಶ್ನದೊಳಗೆ ಕೂರಿಸುವ ಸಾಧನ, ಕೊನೆಯದು. ಹಾಕಿಸಿಕೊಂಡವರಲ್ಲಿ ತೃಪ್ತಿ ಜಾಸ್ತಿ, ಬೇಕೆಂದಾಗ ಒತ್ತಿದರೆ ಗಟ್ಟಿ. ಆದರೆ ಒಳಗಿನ ಸಹಜ ಅಂಗಾಂಶ ಹೋಗುತ್ತದೆ, ತೆಗೆಸಿದರೂ ಮೊದಲಿನಂತಾಗುವುದಿಲ್ಲ. ಅದಕ್ಕೇ ನರ ಚೇತರಿಸಿಕೊಳ್ಳುವ ಅವಧಿ ಮುಗಿಯುವ ಮುಂಚೆ ಇದರ ಆತುರ ಬೇಡ ಅನ್ನುವುದು.

ಆಪರೇಷನ್ ಆದ ಕೂಡಲೇ ಮಾತ್ರೆ, ಪಂಪ್ ಶುರು ಮಾಡಿದರೆ ಸಹಜ ನಿಮಿರುವಿಕೆ ಬೇಗ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೂ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವುದು ನಿಂತುಹೋಗದಿರಲು ಅದು ನೆಪವಾದರೆ, ನನ್ನ ಮಟ್ಟಿಗೆ ಅದೇ ಸಾಕಷ್ಟು ಕಾರಣ.

ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದ್ದರೆ

ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಇಳಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ ಅನ್ನುವ ವೈದ್ಯರು 1941ರಲ್ಲಿ ತೋರಿಸಿದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಇಂದಿಗೂ ತತ್ವ ಅದೇ. ಇಂಜೆಕ್ಷನ್, ದಿನಕ್ಕೊಂದು ಮಾತ್ರೆ, ಇಲ್ಲವೇ ವೃಷಣ ತೆಗೆಯುವ ಚಿಕ್ಕ ಆಪರೇಷನ್. ಆಪರೇಷನ್ ಒಂದೇ ಸಲಕ್ಕೆ ಮುಗಿಯುತ್ತದೆ, ಡೋಸ್ ತಪ್ಪುವ ಚಿಂತೆ ಇಲ್ಲ. ಆದರೆ ವಾಪಸ್ ದಾರಿಯೂ ಇಲ್ಲ. ಕೆಲವೇ ವರ್ಷದ ಚಿಕಿತ್ಸೆ ಸಾಕಾಗುವವರಿಗೆ ಅದು ಸಲ್ಲದು. ಜೀವನಪೂರ್ತಿ ಬೇಕಾಗುವವರು, ಪದೇಪದೇ ಆಸ್ಪತ್ರೆಗೆ ಬರಲಾಗದವರು ಯೋಚಿಸಬಹುದು.

ರೇಡಿಯೇಷನ್ ನಂತರ, ಕ್ಯಾನ್ಸರ್ ಮೇಲೆ ಕಣ್ಣಿಡಲು ರಕ್ತದಲ್ಲಿ ಅಳೆಯುವ ಪ್ರೋಟೀನ್ ಅಂದರೆ ಪಿಎಸ್‌ಎ ಮಾತ್ರ ಏರಿ, ಕ್ಯಾನ್ಸರ್ ಹರಡಿದ್ದು ಕಾಣದಿದ್ದರೆ, ಇಂಜೆಕ್ಷನ್ನನ್ನು ಕೆಲವು ತಿಂಗಳು ಕೊಟ್ಟು ನಿಲ್ಲಿಸಿ, ಪಿಎಸ್‌ಎ ಏರಿದಾಗ ಮತ್ತೆ ಕೊಡುವ ಕ್ರಮವಿದೆ. ಬಿಡುವಿನ ತಿಂಗಳುಗಳಲ್ಲಿ ಮೈ ಬಿಸಿ ಇಳಿಯುತ್ತದೆ, ಹುರುಪು ಸ್ವಲ್ಪ ಮರಳುತ್ತದೆ. ಮೂಳೆಗೆ ಹರಡಿದವರ ವಿಷಯ ಬೇರೆ, ಅಲ್ಲಿ ಸ್ವಂತ ನಿರ್ಧಾರ ಬೇಡ.

ನನ್ನ ಸ್ನೇಹಿತರು ಮಾತಾಡುತ್ತಾ ಕೂತಿದ್ದಾಗಲೇ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿ, ಒಂದೇ ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಆಮೇಲೆ ಚಳಿ. ಹತ್ತಿಯ ಬಟ್ಟೆ, ತಂಪು ಕೋಣೆ, ಖಾರ ಮತ್ತು ಕಾಫಿ ಕಡಿಮೆ ಮಾಡುವುದು ಕೆಲವರಿಗೆ ಸಾಕು, ಸಾಲದವರಿಗೆ ಮಾತ್ರೆಗಳಿವೆ. ಆದರೆ ಕಣ್ಣಿಗೆ ಕಾಣದೆ ನಡೆಯುವುದು ಮೂಳೆ ಸವೆತ. ಚಿಕಿತ್ಸೆ ಶುರುವಾಗುವಾಗಲೇ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಕೇಳಿ. ಮೂಳೆಗೆ ಔಷಧ ಬೇಕು ಅಂದರೆ ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಿ, ಆ ಔಷಧ ತಗೊಳ್ಳುತ್ತಿರುವಾಗ ಹಲ್ಲು ಕಿತ್ತರೆ ದವಡೆ ಮೂಳೆ ಮಾಯದೆ ಉಳಿಯುವ ಅಪಾಯವಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ. ನಡಿಗೆಯೊಂದನ್ನೇ ಮಾಡಿ ಭಾರ ಬಿಡುವವರು ಜಾಸ್ತಿ, ಸ್ನಾಯು ಮತ್ತು ಸುಸ್ತಿಗೆ ನಿಜವಾಗಿ ಒದಗುವುದು ಆ ಭಾರವೇ. ಇನ್ನೊಂದು, ಈ ಅವಧಿಯಲ್ಲಿ ಆಸೆಯೇ ಇರುವುದಿಲ್ಲ. ನಿಮಿರಿಸುವ ಮಾತ್ರೆ ಆಸೆ ತರುವುದಿಲ್ಲ. ಇದು ಔಷಧದ ಕೆಲಸ, ಪ್ರೀತಿ ಕಡಿಮೆಯಾದದ್ದಲ್ಲ ಅಂತ ಹೆಂಡತಿಗೆ ಬಾಯಿಬಿಟ್ಟು ಹೇಳಿ.

ಮಲದಲ್ಲಿ ರಕ್ತ, ಮತ್ತು ಪಿಎಸ್‌ಎ

ರೇಡಿಯೇಷನ್ ಆದ ಎರಡನೇ ವರ್ಷ ಅದೇ ಸ್ನೇಹಿತರಿಗೆ ಮಲದಲ್ಲಿ ರಕ್ತ ಕಂಡಿತು. ಮೂಲವ್ಯಾಧಿ ಅಂದುಕೊಂಡು ಮುಲಾಮು ಹಚ್ಚುತ್ತಾ ಮೂರು ತಿಂಗಳು ಕಳೆದರು. ಹಾಗೆ ಮಾಡಬೇಡಿ. ತೋರಿಸಿಕೊಳ್ಳಿ, ಆದರೆ ಹೊಟ್ಟೆ ಕರುಳಿನ ಡಾಕ್ಟರಿಗೆ 'ನನಗೆ ಪ್ರಾಸ್ಟೇಟ್ ರೇಡಿಯೇಷನ್ ಆಗಿದೆ' ಅಂತ ಮೊದಲ ಮಾತಲ್ಲೇ ಹೇಳಿ. ಗುದನಾಳದ ಮುಂಗೋಡೆಯಿಂದ, ಅಂದರೆ ರೇಡಿಯೇಷನ್ ಬಿದ್ದ ಜಾಗದಿಂದ, ಅಗತ್ಯವಿಲ್ಲದೆ ಪರೀಕ್ಷೆಗೆಂದು ತುಣುಕು ತೆಗೆದರೆ ಅಲ್ಲಿ ಮಾಯದ ಗಾಯವಾಗಬಹುದು. ರಕ್ತ ಅಪರೂಪಕ್ಕೆ, ಚೂರೇ ಚೂರು ಬಂದರೆ ಪರೀಕ್ಷೆಯ ನಂತರ ಸುಮ್ಮನೆ ಬಿಡುವುದೂ ಒಂದು ಸರಿಯಾದ ಆಯ್ಕೆಯೇ. ಜಾಸ್ತಿಯಿದ್ದರೆ ಎನಿಮಾ ಮೂಲಕ ಕೊಡುವ ಔಷಧ, ಆರ್ಗಾನ್ ಗ್ಯಾಸ್ ಬಳಸಿ ಸುಡುವುದು ಮುಂತಾದವಿವೆ.

ಪಿಎಸ್‌ಎ ಓದುವಾಗ ಆಪರೇಷನ್ ಆದವರ ಅಳತೆ, ರೇಡಿಯೇಷನ್ ಆದವರ ಅಳತೆ ಬೇರೆ ಬೇರೆ. ನಮಗೆ ಅದು ಲೆಕ್ಕಕ್ಕೆ ಸಿಗದಷ್ಟು ಇಳಿಯಬೇಕು, 0.2 ಮುಟ್ಟಿ ಎರಡನೇ ಸಲವೂ ಹಾಗೇ ಬಂದರೆ ಮರಳಿದೆ ಅನ್ನುತ್ತಾರೆ. ಅವರಿಗೆ ಪ್ರಾಸ್ಟೇಟ್ ಒಳಗೇ ಇದೆ, ಸೊನ್ನೆ ಆಗುವುದಿಲ್ಲ. ಅತಿ ಕೆಳಗೆ ಇಳಿದ ಅಂಕಿಗಿಂತ 2 ಹೆಚ್ಚಾದರೆ ಲೆಕ್ಕಕ್ಕೆ ಬರುತ್ತದೆ, ನಡುವೆ ಒಮ್ಮೆ ಪುಟಿದು ತಾನೇ ಇಳಿಯುವುದೂ ಉಂಟು. ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಪರೀಕ್ಷೆಗೆ ರಕ್ತ ಕೊಟ್ಟು ಬಂದ ರಾತ್ರಿ ನನಗೆ ಈಗಲೂ ನಿದ್ದೆ ಸರಿಯಾಗಿ ಬರುವುದಿಲ್ಲ. ಮೊದಲು ಒಬ್ಬನೇ ರಿಪೋರ್ಟ್ ತೆರೆಯುತ್ತಿದ್ದೆ. ಈಗ ಫೋನ್ ಹೆಂಡತಿಯ ಕೈಗೆ ಕೊಡುತ್ತೇನೆ. ಅವಳು ಕನ್ನಡಕ ಹಾಕಿಕೊಂಡು, ಎರಡು ಸಲ ನೋಡಿ, ಅಂಕಿ ಮಾತ್ರ ಓದಿ ಹೇಳುತ್ತಾಳೆ.